ನೀರು ಎಲ್ಲರದು, ದಾರಿ ಅವರದು

ಥಿಯೋಲಾ ಬ್ಯಾಸ್ಕಿನ್ ಕೆರೆಯ ದಡಕ್ಕೆ ಬಂದು ಕೂತಳೆಂದರೆ ಶೆರೀಫನ ಕಚೇರಿಗೆ ಫೋನು ಹೋಯಿತೆಂದೇ ತಿಳಿಯಬೇಕು. ಎಪ್ಪತ್ತು ದಾಟಿದ ಮುದುಕಿ. ತಲೆಯ ಮೇಲೆ ಸತ್ತ ಗಂಡನ ಹುಲ್ಲಿನ ಟೋಪಿ, ಕೈಯಲ್ಲಿ ಬಿದಿರಿನ ಗಾಳ, ಪಕ್ಕದಲ್ಲಿ ಜೀರುಂಡೆ ತುಂಬಿದ ತಂತಿಯ ಡಬ್ಬಿ. ಹಳೇ ಸೇತುವೆಯ ಬುಡದಲ್ಲಿ, ರಸ್ತೆ ಸತ್ತುಹೋಗುವ ಜಾಗದಲ್ಲಿ, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂರುವಳು. ಇಷ್ಟನ್ನು ಕಂಡೇ ಎದುರು ದಡದ ಬಂಗಲೆಗಳಲ್ಲಿ ಎದೆ ನಡುಗುತ್ತಿತ್ತು. ಆ ಬಂಗಲೆಗಳಿಗೆಲ್ಲ ಸೇರಿ ಹೆರಾನ್ ಪಾಯಿಂಟ್, ಅಂದರೆ ಕೊಕ್ಕರೆ ಮೂಲೆ, ಎಂಬ ಹೆಸರು, ಸುತ್ತ ಬೇಲಿ, ಮುಂದೆ ಗೇಟು, ಗೇಟಿಗೊಬ್ಬ ಕಾವಲುಗಾರ. ಹಕ್ಕಿ ನೋಡಲೆಂದು ದುರ್ಬೀನು ಕೊಂಡ ಜನ ಅವರು. ಹಕ್ಕಿ ಹಾರಿಹೋದ ಮೇಲೆ ದುರ್ಬೀನು ದಂಡವಾಗಬಾರದಲ್ಲ, ಥಿಯೋಲಾಳನ್ನು ನೋಡುತ್ತಿದ್ದರು.

ಫೋನು ಬಂದಾಗೆಲ್ಲ ಲಾಮಾರ್ ಗ್ರಿಗ್ಸ್ ಕಾರು ತೆಗೆದುಕೊಂಡು ಬರಬೇಕು. ಅವನು ಶೆರೀಫನ ಕೈಕೆಳಗಿನ ಡೆಪ್ಯುಟಿ, ನಮ್ಮ ಕೇರಿಯವನೇ, ಕರಿಯನೇ. ಸ್ಕೂಲಿನ ಅಡಿಗೆಮನೆಯಲ್ಲಿ ಥಿಯೋಲಾ ಸೌಟು ಹಿಡಿದಿದ್ದ ಕಾಲದಲ್ಲಿ ತಟ್ಟೆ ಹಿಡಿದು ಎರಡನೇ ಸಲ ಸಾಲಿಗೆ ಬಂದು ನಿಲ್ಲುತ್ತಿದ್ದ ಹೊಟ್ಟೆಬಾಕ. ಈಗ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಅವಳ ಮುಂದೆ ನೆಲ ನೋಡುತ್ತ ನಿಲ್ಲುವನು.

"ಮಿಸ್ ಥಿಯೋಲಾ, ದಡದಲ್ಲಿ ಯಾರೋ ಅನುಮಾನದ ವ್ಯಕ್ತಿ ಇದಾರೆ ಅಂತ ಕಂಪ್ಲೇಂಟ್ ಬಂದಿದೆ."

"ನಂಗೂ ಅನುಮಾನಾನೇ ಕಣೋ ಮಗಾ. ಬೆಳಗ್ಗಿಂದ ಕೂತಿದೀನಿ, ಒಂದೂ ಕಚ್ಚಿಲ್ಲ. ಈ ಕೆರೇಲಿ ಮೀನಿದೆಯೋ, ಅದನ್ನೂ ಅವ್ರು ಗೇಟೊಳಗೆ ಹಾಕ್ಕೊಂಡಿದಾರೋ!"

"ಲೈಸೆನ್ಸ್ ನೋಡ್ಬೇಕಿತ್ತು."

"ಟೋಪಿಗೆ ಸಿಕ್ಕಿಸಿದೀನಿ. ಹೋದ ವಾರ ನೋಡಿದ್ದೇ ಅಲ್ವಾ, ಇನ್ನೊಂದ್ಸಲ ನೋಡು. ಬಾಯಿಪಾಠ ಆಗ್ಲಿ."

ಪಕ್ಕದಲ್ಲಿ ಇನ್ನೊಂದು ಬಕೆಟ್ಟಿನ ಮೇಲೆ ಮೊಝೆಲ್ ಟಾಲ್ಬರ್ಟ್ ಕೂತಿರುವಳು. ಥಿಯೋಲಾಳ ಜೊತೆಗಾತಿ, ಅವಳ ಗಾಳಕ್ಕಿಂತ ಅವಳ ನಾಲಿಗೆಗೆ ಕೊಕ್ಕೆ ಜಾಸ್ತಿ. "ನನ್ನ ಮೇಲೆ ಕಂಪ್ಲೇಂಟ್ ಇಲ್ವೇನೋ ಲಾಮಾರ್? ನಾನೂ ಕರಿಯಳೇ, ನಾನೂ ಇಲ್ಲೇ ಕೂತಿದೀನಿ. ಇವಳೊಬ್ಳಿಗೇ ಮರ್ಯಾದೆನಾ?"

ಲಾಮಾರನಿಗೆ ನಗು ಬಂದರೂ ನಗುವಂತಿಲ್ಲ, ಎದುರಿನಿಂದ ದುರ್ಬೀನು. ತಗ್ಗಿದ ದನಿಯಲ್ಲಿ ಹೇಳುವನು: "ಕಾನೂನು ನಿಮ್ಮ ಕಡೆಗಿದೆ, ಮಿಸ್ ಥಿಯೋಲಾ. ನೀರು ಎಲ್ರದು. ನೀರು ಮುಟ್ಟೋ ಒದ್ದೆ ದಡ ಇದೆಯಲ್ಲ, ಅದೂ ಕರೆಂಟ್ ಕಂಪನಿದು, ಅಲ್ಲಿ ಯಾರು ಬೇಕಾದ್ರೂ ಕೂರ್ಬೋದು. ಆದ್ರೆ ಅಲ್ಲಿಗೆ ಹೋಗೋ ದಾರಿ ಮಾತ್ರ ಸುತ್ತಾ ಅವ್ರದು. ಈ ಸೇತುವೆ ಬುಡ ಒಂದು ಬಿಟ್ರೆ ಬೇರೆ ಎಲ್ಲೂ ನಿಮಗೆ ಇಳಿಯೋಕೆ ದಾರಿ ಇಲ್ಲ."

"ಅಂದ್ರೆ ಆಕಾಶದಿಂದ ಇಳೀಬೇಕು," ಅಂದಳು ಥಿಯೋಲಾ.

"ಇಳಿದ್ರೂ ಬಿಡಲ್ಲ," ಅಂದಳು ಮೊಝೆಲ್. "ಕಪ್ಪು ದೇವದೂತೆ ಒಬ್ಳು ಅನುಮಾನ ಬರೋ ಹಾಗೆ ರೆಕ್ಕೆ ಬಡೀತಿದಾಳೆ ಅಂತ ಫೋನ್ ಮಾಡ್ತಾರೆ."

ಆ ಕೆರೆ ಥಿಯೋಲಾಳಿಗೆ ಬರೀ ಕೆರೆಯಲ್ಲ. ಅವಳು ಹುಟ್ಟಿದ ಹಳ್ಳಿ ಅದರ ಕೆಳಗಿದೆ. ದಕ್ಷಿಣ ಕೆರೊಲಿನಾದ ಆ ಕಣಿವೆಯಲ್ಲಿ ಅವಳಜ್ಜ ಹತ್ತಿ ಬೆಳೆದು, ಹೊಟ್ಟೆ ಕಟ್ಟಿ, ಹೊಳೆ ಬದಿಯ ಹೊಲ ಕೊಂಡಿದ್ದ. ಅವಳು ಚಿಕ್ಕವಳಿರುವಾಗ ಕರೆಂಟ್ ಕಂಪನಿ ಬಂದು ಹೊಳೆಗೆ ಅಣೆ ಕಟ್ಟಿತು. ಹೊಲಕ್ಕೆ ಕಂಪನಿ ಕಟ್ಟಿದ ಬೆಲೆ ಕೇಳಿ ಅಜ್ಜ ಹಾಸಿಗೆ ಹಿಡಿದ. ಹೋಗಲಿ ಎಂದರೆ, ಸತ್ತವರ ಲೆಕ್ಕವನ್ನೂ ಕಂಪನಿಯೇ ಬರೆಯಿತು. "ಕಲ್ಲು ನಿಲ್ಲಿಸಿದ ಗೋರಿ ಇದ್ದರೆ ತೋರಿಸಿ, ಎತ್ತಿ ಬೇರೆ ಕಡೆ ಹೂಳುತ್ತೇವೆ" ಎಂದರು. ಬಿಳಿಯರ ಚರ್ಚಿನ ಗೋರಿಗಳಿಗೆ ಕಲ್ಲಿದ್ದವು. ಅವರನ್ನು ಹೂವಿನ ಹಾರ ಹಾಕಿ, ಟೋಪಿ ತೆಗೆದು, ಮದುವೆಗೆ ಕರೆದೊಯ್ದಂತೆ ಪಟ್ಟಣಕ್ಕೆ ಕರೆದೊಯ್ದರು.

ನಮ್ಮವರ ಗೋರಿಗೆ ಕಲ್ಲು ಎಲ್ಲಿಂದ ಬರಬೇಕು? ಸತ್ತವರು ಕೊನೆಯದಾಗಿ ಉಂಡ ಬೋಗುಣಿ, ಕುಡಿದ ಲೋಟ, ಔಷಧದ ಸೀಸೆ, ತಲೆದೆಸೆಯಲ್ಲಿದ್ದ ದೀಪ, ಒಂದಿಷ್ಟು ಕಪ್ಪೆಚಿಪ್ಪು, ಇವೇ ಗುರುತು. ಇಡುವ ಮೊದಲು ತಳಕ್ಕೆ ಒಂದು ತೂತು ಹೊಡೆಯಬೇಕು. ಹೊಡೆಯದಿದ್ದರೆ ಸಾವಿನ ಸರಪಳಿ ಕಡಿಯುವುದಿಲ್ಲ, ಮನೆಯಲ್ಲಿ ಇನ್ನೊಬ್ಬರನ್ನು ಕರೆಯುತ್ತದೆ. ಅಜ್ಜಿ ಕೆಝಾಯಾ ತೀರಿಕೊಂಡಾಗ ಅಮ್ಮ ರೈಲುಹಳಿಯ ಮೊಳೆ ಇಟ್ಟು ಸುತ್ತಿಗೆಯಲ್ಲಿ ಒಂದೇ ಏಟು ಹೊಡೆದದ್ದನ್ನು ಥಿಯೋಲಾ ಪಕ್ಕದಲ್ಲೇ ನಿಂತು ನೋಡಿದ್ದಳು. ನೀಲಿ ಅಂಚಿನ ಬೋಗುಣಿ, ಒಳಗೆ ಕೆಂಪು ಹುಂಜದ ಚಿತ್ರ. ಅಜ್ಜಿಯ ತೊಡೆಯ ಮೇಲೆ ಕೂತು ಅದರಲ್ಲಿ ಗಂಜಿ ಉಣ್ಣುವಾಗ ಅವಳೇ ಚಮಚದಿಂದ ಕೆರೆದು ಕೆರೆದು ಹುಂಜದ ಒಂದು ಕಣ್ಣು ತೆಗೆದಿದ್ದಳು. "ಕುರುಡು ಕೋಳಿ ಮಾಡಿದ್ಯಲ್ಲೇ ಮುಂಡೇದೆ!" ಎಂದು ಅಜ್ಜಿ ತಲೆಗೆ ಮೊಟಕಿದ್ದಳು.

ಕಂಪನಿಯ ಅಳತೆಗಾರ ಬಂದು ಸುತ್ತ ನೋಡಿ, ಒಡೆದ ಪಿಂಗಾಣಿಯನ್ನು ಬೂಟಿನಿಂದ ಒಂದು ಸಲ ಹೊರಳಿಸಿ, ಇಲ್ಲಿ ಕಲ್ಲಿಲ್ಲ, ಆದ್ದರಿಂದ ಹೆಣವೂ ಇಲ್ಲ ಎಂದು ಹೋದ. ಕಾಲೇಜು ಮೆಟ್ಟಿಲು ಹತ್ತಿದ ಬುದ್ಧಿಯಂತೆ ಅದು.

ನೀರು ತುಂಬುವ ಮೊದಲೇ ಜನರನ್ನು ಎಬ್ಬಿಸಿದರು. ತುಂಬಿದ ಮೇಲೆ ನೀರು ಎಲ್ಲಿಯವರೆಗೆ ಬಂತು, ಯಾರ ಗೋರಿ ಮುಳುಗಿತು, ಯಾರದು ಉಳಿಯಿತು ಎಂದು ಹೋಗಿ ನೋಡುವ ಹಾಗಿರಲಿಲ್ಲ. ಗುಡ್ಡದ ಬದಿಯ ಒಳ್ಳೆಯ ದಡದಲ್ಲಿ ಕೌಂಟಿ ಆಡಳಿತದವರು ಪಾರ್ಕು ಮಾಡಿ, ಲಾರಿಗಟ್ಟಲೆ ಮರಳು ಸುರಿದು, ನೀರಿಗೆ ಹಾರುವ ಹಲಗೆ ಹಾಕಿ, ಬಿಳಿಯರಿಗೆ ಮಾತ್ರ ಎಂಬ ಬೋರ್ಡು ನಿಲ್ಲಿಸಿದ್ದರು. ನಮ್ಮವರಿಗೆ ಮರದ ಮಿಲ್ಲಿನ ಕೆಳಗೆ, ಮೊಣಕಾಲವರೆಗೆ ಕೆಸರು ಬರುವ ಒಂದು ಮೂಲೆ ಕೊಟ್ಟು ಅದಕ್ಕೂ ಬೋರ್ಡು ಹಾಕಿದರು, ಎಲ್ಲಿ ಹೆಚ್ಚು ಸುಖಪಟ್ಟುಬಿಟ್ಟಾರೋ ಎಂಬ ಕಾಳಜಿಯಿಂದ. "ಎಲ್ಲ ನೀರೊಳಗೆ ಹೋಯ್ತು ಮಗಳೇ" ಎಂದು ಅಮ್ಮ ಅಂದುಕೊಂಡಳು, ಥಿಯೋಲಾಳಿಗೂ ಹಾಗೇ ಹೇಳಿದಳು.

ಮುಂದೆ ಕೋರ್ಟು ಪಾರ್ಕನ್ನು ಎಲ್ಲರಿಗೂ ತೆರೆಯಿರಿ ಅಂದಿತು. ಕೌಂಟಿಯವರು ಏನು ಮಾಡಿದರು? ಹಲಗೆ ಕಿತ್ತರು, ಗೇಟಿಗೆ ಬೀಗ ಹಾಕಿದರು, ತಮ್ಮ ಮಕ್ಕಳೂ ಈಜದ ಹಾಗೆ ಮಾಡಿಕೊಂಡರು. ಹುಲ್ಲುಬಣವೆಯ ಮೇಲಿನ ನಾಯಿ ತಾನೂ ತಿನ್ನದು, ಎತ್ತಿಗೂ ಬಿಡದು. ಪಾಪ, ನಾಯಿಗೆ ಇವರನ್ನು ಹೋಲಿಸಬಾರದು. ನಾಯಿ ಬಣವೆಯನ್ನು ಮಾರಿಕೊಳ್ಳುವುದಿಲ್ಲ. ಪಾರ್ಕು ಕಳೆಗಿಡ ತುಂಬಿ ಕೂತಿದ್ದು ಕೊನೆಗೆ ಬಂಗಲೆ ಕಟ್ಟುವವರ ಪಾಲಾಯಿತು. ಬೋರ್ಡು ಹೋಯಿತು, ಹೆರಾನ್ ಪಾಯಿಂಟಿನ ಗೇಟು ಬಂತು.

ಹೀಗೆ ಥಿಯೋಲಾಳಿಗೆ ಉಳಿದದ್ದು ಸೇತುವೆಯ ಬುಡ. ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಸ್ಕೂಲಿನ ಒಲೆಯ ಮುಂದೆ ಆಯಸ್ಸು ಸವೆಸಿ, ಬಿಡುವಾದ ದಿನವೆಲ್ಲ ಅಲ್ಲಿಗೆ ಬಂದು ಕೂತಳು. ಮೊದಲು ಸಿಕ್ಕ ಮೀನನ್ನು ಕೊಕ್ಕೆಯಿಂದ ಬಿಡಿಸಿ, "ಅಜ್ಜೀ, ತಗೋ" ಎಂದು ನೀರಿಗೆ ಬಿಡುವುದು ಅವಳ ಪದ್ಧತಿ. ಅಂಗೈಯಗಲದ ಬ್ರಿಮ್ ಆಗಲಿ, ಮೊಳದುದ್ದದ ಕ್ಯಾಟ್‌ಫಿಶ್ ಆಗಲಿ, ಮೊದಲನೆಯದು ಅಜ್ಜಿಗೇ.

"ಇಷ್ಟು ವರ್ಷ ತಿನ್ನಿಸಿದೀಯ," ಎನ್ನುವಳು ಮೊಝೆಲ್, "ನಿಮ್ಮಜ್ಜಿ ಈಗ ಎಷ್ಟು ದಪ್ಪ ಆಗಿರ್ಬೇಕು ಕಣೆ! ಅಣೆಕಟ್ಟು ಒಡೀದಿದ್ರೆ ಸಾಕು."

ಒಂದು ವಸಂತದಲ್ಲಿ ಊರಿಗೆ ಇನ್ನೊಂದು ವಿನೋದ ಬಂತು. ಕರಿಯ ಜನಕ್ಕೆ ಕಾಡು, ಕೆರೆ, ಬೆಟ್ಟಗಳ ಮೇಲೆ ಪ್ರೀತಿ ಹುಟ್ಟಿಸುತ್ತೇವೆ ಎಂದು ದೊಡ್ಡ ಪಟ್ಟಣದ ಒಂದು ಸಂಸ್ಥೆಯವರು ಚರ್ಚಿನ ಊಟದ ಹಾಲಿನಲ್ಲಿ ಸಭೆ ಕರೆದರು. ಮೀನಿನ ಮರಿಗೆ ಈಜು ಕಲಿಸಲು ಹೊರಟ ಜಾಣರು. ಕ್ಯಾಂಡಿಸ್ ಎಂಬ ಹುಡುಗಿ, ಜೇಬೇ ಜೇಬು ಇರುವ ಪ್ಯಾಂಟು ಹಾಕಿಕೊಂಡು, ಗೋಡೆಯ ಮೇಲೆ ಬೆಳಕು ಬಿಟ್ಟು ಚಿತ್ರ ತೋರಿಸಿದಳು. ಚಿತ್ರದಲ್ಲಿ ನಗುವ ಕರಿಯ ಕುಟುಂಬವೊಂದು ಮರಕ್ಕೆ ಒರಗಿತ್ತು. ಅವರಿಗೆ ದುಡ್ಡು ಕೊಟ್ಟು ನಗಿಸಿದ್ದಾರೆಂದು ಹಿಂದಿನ ಬೆಂಚಿನವರಿಗೂ ಗೊತ್ತಾಗುತ್ತಿತ್ತು.

"ನಿಮ್ಮ ಸಮುದಾಯ ಪ್ರಕೃತಿಯಿಂದ ದೂರ ಇರೋದು ಯಾಕೆ ಅಂತ ನಿಮಗೆ ಅನ್ಸುತ್ತೆ?" ಎಂದು ಕೇಳಿದಳು.

"ಬೇಲಿ," ಅಂದಳು ಥಿಯೋಲಾ.

"ಒಳ್ಳೇದು, ಒಳ್ಳೇದು. ಭಯ ಇರ್ಬೋದಾ? ಹಾವು, ಕತ್ತಲು?"

"ಬೇಲಿ ಕಣಮ್ಮ."

"ಅಥವಾ ಅಭ್ಯಾಸ ಇಲ್ದೇ ಇರೋದು? ಮನೆಯಲ್ಲಿ ಹಿರಿಯರು ಕರ್ಕೊಂಡು ಹೋಗದೇ ಇರೋದು?"

"ತಾಯೀ," ಅಂದಳು ಥಿಯೋಲಾ, "ತಂತಿ ಬೇಲಿ. ಕಬ್ಬಿಣದ್ದು. ನನ್ನೆದೆ ಮಟ್ಟ ಬರುತ್ತೆ. ಬಾ, ಈಗ್ಲೇ ತೋರಿಸ್ತೀನಿ, ಕಾರಲ್ಲಿ ಹೋದ್ರೆ ಕಾಫಿ ಆರೋದ್ರೊಳಗೆ ವಾಪಸ್ ಬರ್ಬೋದು."

ಹುಡುಗಿ ದೊಡ್ಡ ಹಾಳೆಯ ಮೇಲೆ 'ಸಾಂಸ್ಕೃತಿಕ ಅಡೆತಡೆಗಳು' ಎಂದು ಬರೆದು ಕೆಳಗೆ ಗೆರೆ ಎಳೆದಳು. ಹೋಗುವಾಗ ಎಲ್ಲರಿಗೂ ಒಂದೊಂದು ಪುಸ್ತಿಕೆ ಕೊಟ್ಟಳು; ಕಾಡಿನಲ್ಲಿ ದಾರಿ ತಪ್ಪಿದರೆ ಊದಲಿಕ್ಕೆ ಒಂದೊಂದು ಸೀಟಿ. ಕಾಡಿಗೆ ಬಿಡದವರ ಊರಲ್ಲಿ ದಾರಿ ತಪ್ಪುವುದು ಹೇಗೆಂದು ಪುಸ್ತಿಕೆಯಲ್ಲಿ ಇರಲಿಲ್ಲ. ಕಾಗದ ಒಳ್ಳೆಯದಿತ್ತು. ಥಿಯೋಲಾ ಅದರ ಮೇಲಿಟ್ಟು ಮೀನಿನ ಪೊರೆ ಕೆರೆದಳು.

ಆ ಬೇಸಿಗೆಗೆ ಹೆರಾನ್ ಪಾಯಿಂಟಿನವರು ಫೋನು ಮಾಡಿ ಮಾಡಿ ಸುಸ್ತಾಗಿ, ಸೇತುವೆ ಬುಡವನ್ನೇ ಮುಚ್ಚಿಸಬೇಕೆಂದು ಕೌಂಟಿ ಮಂಡಳಿಗೆ ಅರ್ಜಿ ಹಾಕಿದರು. ಕಾರಣ, ಅಲ್ಲಿ ಮೀನು ಹಿಡಿಯಲು ಬರುವವರು ಕೆರೆಯ ದಡವನ್ನೆಲ್ಲ ಹೊಲಸು ಮಾಡುತ್ತಾರೆ. ಅರ್ಜಿ ಹಾಕಿದವನು ಬಂಗಲೆಯವರ ಸಂಘದ ಅಧ್ಯಕ್ಷ ಗ್ರೇಡನ್ ಪ್ರ್ಯಾಟ್. ವಿಮೆ ಮಾರಿ ಮಾರಿ ದಪ್ಪಗಾಗಿ ನಿವೃತ್ತನಾದವನು. ಬದುಕಿನಲ್ಲಿ ಆಳಲು ಏನೂ ಉಳಿಯದೆ ಹುಲ್ಲಿನ ಎತ್ತರ, ನಾಯಿಯ ಸರಪಳಿ, ಅಂಚೆಡಬ್ಬಿಯ ಬಣ್ಣ ಇವನ್ನು ಆಳುತ್ತಿದ್ದ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಆ ಜಾತಿ.

ಮಂಡಳಿಯ ಸಭೆಗೆ ಥಿಯೋಲಾ ಚರ್ಚಿಗೆ ಹೋಗುವ ನೇರಳೆ ಬಣ್ಣದ ಟೋಪಿ ಹಾಕಿಕೊಂಡು ಬಂದಳು. ಹಿಂದಿನ ದಿನವೆಲ್ಲ ಅವಳು ಅಡಿಗೆ ಮಾಡಿರಲಿಲ್ಲ.

"ಆ ಮಣ್ಣುಗುಡ್ಡೆ ಹೋದ್ರೆ ನಾನು ಎಲ್ಲಿ ಕೂರ್ಲಿ ಮೊಝೆಲ್?" ಅಂದಿದ್ದಳು. "ಟೀವಿ ಮುಂದೆ ಕೂತು ಸಾಯ್ಬೇಕಾ? ಅಜ್ಜಿ ಅಲ್ಲಿದಾಳೆ. ಅವಳಿಗೆ ಕಾಣೋ ಹಾಗೆ ಕೂರೋಕೆ ನಂಗೆ ಅದೊಂದೇ ಜಾಗ."

ಮೊಝೆಲಳಿಗೆ ಅಂದು ತಮಾಷೆ ಹೊಳೆದಿರಲಿಲ್ಲ.

ಪ್ರ್ಯಾಟ್ ತಯಾರಾಗಿ ಬಂದಿದ್ದ. ಅವನ ಹಿಂದೆ ಇಬ್ಬರು ಕಪ್ಪು ಪ್ಲಾಸ್ಟಿಕ್ ಚೀಲಗಳನ್ನು ಹೊತ್ತು ತಂದರು. "ಮಾತು ಬೇಡ, ಸಾಕ್ಷಿ ನೋಡಿ," ಎಂದು ಮಂಡಳಿಯವರ ಮುಂದಿನ ಮೇಜಿನ ಮೇಲೆ ಚೀಲಗಳನ್ನು ತಾನೇ ಬಗ್ಗಿಸಿ ಸುರಿದ. ಒಡೆದ ಪಿಂಗಾಣಿ, ಬಿಳಿ ಜಾಡಿ, ಮಣ್ಣು ಮೆತ್ತಿದ ಸೀಸೆ, ದೀಪದ ಗಾಜು, ಹಿಡಿ ಮುರಿದ ಲೋಟ, ಕಪ್ಪೆಚಿಪ್ಪು. ಸದ್ದಿಗೆ ಒಬ್ಬ ಸದಸ್ಯ ಎಚ್ಚರವಾದ.

"ಈ ವಸಂತದಲ್ಲಿ ನಮ್ಮ ಸಂಘದವರು ಸ್ವಚ್ಛತಾ ದಿನ ಮಾಡಿದ್ವಿ," ಅಂದ ಪ್ರ್ಯಾಟ್. "ಹೆಂಗಸರು, ಮಕ್ಕಳು, ವಯಸ್ಸಾದವರು, ಎಲ್ಲಾ ಕೈಗವಸು ಹಾಕ್ಕೊಂಡು ಬೆನ್ನು ಬಗ್ಗಿಸಿದ್ವಿ. ಇದು ಬರೀ ಸ್ಯಾಂಪಲ್ಲು. ಮಿಕ್ಕಿದ್ದು ಲಾರಿ ತುಂಬಾ ಕಸದ ಗುಂಡಿಗೆ ಹೋಯ್ತು. ಈ ಜನ ತಿಂದ ತಟ್ಟೆ ಎಸೀತಾರೆ, ಕುಡಿದ ಸೀಸೆ ಎಸೀತಾರೆ. ಕೆರೆ ಮೇಲೆ ಇವರಿಗೆ ಇರೋ ಗೌರವ ಇಷ್ಟು!"

ಥಿಯೋಲಾ ಎದ್ದು ಬಂದದ್ದನ್ನು ಯಾರೂ ಗಮನಿಸಲಿಲ್ಲ. ಮೇಜಿನ ಹತ್ತಿರ ಬಂದು, ರಾಶಿಯೊಳಗೆ ಕೈ ಹಾಕಿ, ಒಂದು ಬೋಗುಣಿ ತೆಗೆದಳು. ನೀಲಿ ಅಂಚು. ಹೆಬ್ಬೆರಳಿನಿಂದ ಒಳಗಿನ ಮಣ್ಣು ಉಜ್ಜಿದಳು. ಕೆಂಪು ರೆಕ್ಕೆ ಬಂತು, ಜುಟ್ಟು ಬಂತು, ಕಣ್ಣಿರಬೇಕಾದ ಕಡೆ ಬಿಳಿ ಗೀರು. ತಳದಲ್ಲಿ ಒಂದು ತೂತು. ಆ ತೂತಿನಲ್ಲಿ ಅವಳು ಬೆರಳಿಟ್ಟಳು.

"ಅಮ್ಮಾ, ದಯವಿಟ್ಟು ಕೂತ್ಕೊಳ್ಳಿ, ನಿಮ್ಮ ಸರದಿ ಬರುತ್ತೆ," ಅಂದ ಮಂಡಳಿಯ ಅಧ್ಯಕ್ಷ.

"ಮಿಸ್ಟರ್ ಪ್ರ್ಯಾಟ್," ಅಂದಳು ಥಿಯೋಲಾ. ದನಿ ಎತ್ತರವಿರಲಿಲ್ಲ. "ಇದು ಎಲ್ಲಿ ಸಿಕ್ತು?"

"ದಡದಲ್ಲಿ."

"ಯಾವ ದಡ? ನಮ್ಮ ಸೇತುವೆ ಬುಡಾನಾ?"

ಪ್ರ್ಯಾಟ್ ಎದೆಯುಬ್ಬಿಸಿದ. ಕೆಲಸ ಮಾಡಿದವನಿಗೆ ಕೆಲಸದ ವಿವರ ಹೇಳುವ ಚಪಲ ಇದ್ದೇ ಇರುತ್ತದೆ, ಅದರಲ್ಲೂ ಬದುಕಿನಲ್ಲಿ ಒಂದೇ ದಿನ ಕೆಲಸ ಮಾಡಿದವನಿಗೆ. "ನಮ್ಮ ಪಾಯಿಂಟಿನ ತುದಿ, ದೋಣಿಮನೆ ಹಿಂದೆ ಗುಡ್ಡ ಇದೆಯಲ್ಲ, ಸೀಡರ್ ಮರಗಳ ಕೆಳಗೆ. ಸಾಲಾಗಿ ಬಿದ್ದಿತ್ತು, ಅಷ್ಟಷ್ಟು ದೂರಕ್ಕೆ ಒಂದೊಂದು ಗುಡ್ಡೆ. ಒಂದು ಚೂರೂ ಬಿಡದೇ ಎತ್ತಿದೀವಿ. ಬೇಕಾದ್ರೆ ಫೋಟೋ ಇದೆ."

"ಗೇಟಿನ ಒಳಗೆ," ಅಂದಳು ಥಿಯೋಲಾ.

"ಹೌದು, ಒಳಗೇ."

"ನಮ್ಮಂಥವರನ್ನ ಯಾರನ್ನೂ ಒಳಗೆ ಬಿಡಲ್ಲ ಅಂತ ನೀವೇ ಅರ್ಜೀಲಿ ಬರೆದಿದೀರಲ್ಲ ಸ್ವಾಮಿ," ಹಿಂದಿನಿಂದ ಮೊಝೆಲ್ ಕೂಗಿದಳು. ನಾಲಿಗೆ ವಾಪಸು ಬಂದಿತ್ತು. "ನಾವು ಸೇತುವೆ ಬುಡದಿಂದ ತಟ್ಟೆ ಎಸೆದ್ರೆ ಕೆರೆ ದಾಟಿ ಗುಡ್ಡ ಹತ್ತಿ ಸಾಲಾಗಿ ಕೂತ್ಕೊಳ್ತಾವಾ? ಅಂಥ ತೋಳು ನಮಗಿದ್ದಿದ್ರೆ ಬೇಸ್‌ಬಾಲ್ ಆಡಿ ಬದುಕ್ತಿದ್ವಿ!"

ಹಾಲಿನಲ್ಲಿ ನಗು ಎದ್ದಿತು. ಥಿಯೋಲಾ ನಗಲಿಲ್ಲ. ಬೋಗುಣಿಯನ್ನು ಎತ್ತಿ ಹಿಡಿದು, ತೂತಿನೊಳಗಿಂದ ಪ್ರ್ಯಾಟನ ಮುಖ ನೋಡಿದಳು.

"ಇದು ನಮ್ಮಜ್ಜಿ ಕೆಝಾಯಾ ಬೋಗುಣಿ. ಅವಳು ಕೊನೇ ತುತ್ತು ಉಂಡಿದ್ದು ಇದ್ರಲ್ಲಿ. ಈ ತೂತು ನಮ್ಮಮ್ಮ ಹೊಡೆದಿದ್ದು. ಈ ಕೋಳಿ ಕಣ್ಣು ಕಿತ್ತವಳು ನಾನು. ನೀವು ಎತ್ತಿದ್ದು ಕಸ ಅಲ್ಲ ಮಿಸ್ಟರ್ ಪ್ರ್ಯಾಟ್. ಅಷ್ಟಷ್ಟು ದೂರಕ್ಕೆ ಒಂದೊಂದು ಗುಡ್ಡೆ ಅಂದ್ರಲ್ಲ, ಒಂದೊಂದರ ಕೆಳಗೂ ಒಬ್ಬೊಬ್ರು ಮಲಗಿದಾರೆ. ನಿಮ್ಮ ಹೆಂಗಸರು ಮಕ್ಕಳು ಕೈಗವಸು ಹಾಕ್ಕೊಂಡು ಸ್ಮಶಾನ ದೋಚಿದೀರಿ. ಫೋಟೋ ಬೇರೆ ತೆಗೆಸ್ಕೊಂಡಿದೀರಿ."

ನಗು ನಿಂತುಹೋಯಿತು. ಕೇರಿಯಿಂದ ಬಂದಿದ್ದ ಮುದುಕರು ಒಬ್ಬೊಬ್ಬರೇ ಎದ್ದು ಮೇಜಿನ ಬಳಿ ಬಂದರು. ಒಬ್ಬ ದೀಪದ ಗಾಜು ಹಿಡಿದ. ಮೊಝೆಲ್ ಬಿಳಿ ಜಾಡಿಯೊಂದನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ನಮ್ಮದಾ ಅಲ್ಲವಾ ಎಂದು ಹೇಳಲಾಗದೆ ಕೆಳಗಿಟ್ಟಳು. ಕೆಳಗಿಟ್ಟ ಮೇಲೂ ಅದರ ಮೇಲಿಂದ ಕೈ ತೆಗೆಯಲಿಲ್ಲ. ಪ್ರ್ಯಾಟ್ ಬಾಯಿ ತೆಗೆದ, ಮುಚ್ಚಿದ, ಮತ್ತೆ ತೆಗೆದ. ದಡಕ್ಕೆ ಎಳೆದುಹಾಕಿದ ಕ್ಯಾಟ್‌ಫಿಶ್ ಕೂಡ ಅದಕ್ಕಿಂತ ಗಂಭೀರವಾಗಿ ಸಾಯುತ್ತದೆ.

"ಅಲ್ಲಿ... ಕಲ್ಲಿರಲಿಲ್ಲ," ಅಂದ ಕೊನೆಗೆ.

ಅಳತೆಗಾರನೂ ಇದನ್ನೇ ಅಂದಿದ್ದ. ಅಷ್ಟು ವರ್ಷಗಳಲ್ಲಿ ಈ ಜನ ಕಲಿತದ್ದು ಅದೊಂದೇ ಮಾತು.

ಮಂಡಳಿಯ ವಕೀಲ ಅಧ್ಯಕ್ಷನ ಕಿವಿಯಲ್ಲಿ ಗುಸುಗುಸು ಮಾಡಿ, ಆಮೇಲೆ ಬೇರೆ ದಾರಿಯಿಲ್ಲದೆ ಗಟ್ಟಿಯಾಗಿಯೇ ಹೇಳಿದ: ಯಾರ ಜಮೀನಿನಲ್ಲೇ ಇರಲಿ, ಗೋರಿ ಇದ್ದರೆ ಸತ್ತವರ ವಂಶದವರು ಅಲ್ಲಿಗೆ ಹೋಗಿಬರುವುದನ್ನು ಜಮೀನಿನವರು ತಡೆಯುವಂತಿಲ್ಲ, ಈ ರಾಜ್ಯದ ಕಾನೂನು ಹಾಗಿದೆ.

ಥಿಯೋಲಾ ಆ ರಾತ್ರಿ ಬೋಗುಣಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳೆಂದು ಮೊಝೆಲ್ ಹೇಳುವಳು. ಅತ್ತಳೇ ಎಂದರೆ, "ಬೈದಳು," ಎನ್ನುವಳು. "ತನ್ನನ್ನೇ ಬೈಕೊಂಡಳು. ಇಷ್ಟು ವರ್ಷ ನೀರಿಗೆ ಮುಖ ಮಾಡಿ ಅಜ್ಜೀ ಅಜ್ಜೀ ಅಂತಿದ್ನಲ್ಲ, ಅವಳು ಎದುರು ಗುಡ್ಡದ ಮೇಲೆ ಕೂತು, ಈ ಪೆದ್ದಿ ಯಾರ ಹತ್ರ ಮಾತಾಡ್ತಿದಾಳೆ ಅಂತ ನೋಡ್ತಿದ್ಲು ಅಂತ."

ಮಂಡಳಿಯವರ ದುಃಖ ನೋಡುವ ಹಾಗಿತ್ತು. ಮುಂದಿನ ಸಭೆಯಲ್ಲಿ ತಲೆ ತಗ್ಗಿಸಿ ಒಂದು ನಿಮಿಷ ನಿಂತರು, ವಿಷಾದದ ಮಾತು ಓದಿದರು. ಓದಿ ಮುಗಿಸಿ, ಅದೇ ಉಸಿರಿನಲ್ಲಿ, ಸೇತುವೆ ಹಳೆಯದು, ಅಪಾಯ, ಆದ್ದರಿಂದ ಅದರ ಬುಡವನ್ನು ಮುಚ್ಚತಕ್ಕದ್ದು ಎಂದು ಕೈಯೆತ್ತಿದರು. ಮಾರನೇ ವಾರವೇ ಅಲ್ಲಿ ಬೇಲಿ ಎದ್ದಿತು. ರಸ್ತೆಯ ಗುಂಡಿ ಮುಚ್ಚಲು ವರ್ಷಗಟ್ಟಲೆ ಬಾರದ ಕೌಂಟಿಯ ಲಾರಿ ಆ ಬೇಲಿಯ ಕಂಬಗಳನ್ನು ಎಷ್ಟು ಚುರುಕಾಗಿ ತಂದಿತು! ಬಲಗೈಯಲ್ಲಿ ಕಣ್ಣೊರೆಸಿ ಎಡಗೈಯಲ್ಲಿ ಜೇಬು ಕತ್ತರಿಸುವ ವಿದ್ಯೆ ಕಲಿಯಬೇಕಾದರೆ ಮಂಡಳಿಯಲ್ಲಿ ಕೂರಬೇಕು.

ಥಿಯೋಲಾ ಅದನ್ನು ನೋಡಲು ಹೋಗಲಿಲ್ಲ. ಒಂದು ಶನಿವಾರ ಬೆಳಗ್ಗೆ, ಹುಲ್ಲಿನ ಟೋಪಿ ಹಾಕಿಕೊಂಡು, ಬೋಗುಣಿಯನ್ನು ಟವೆಲಿನಲ್ಲಿ ಸುತ್ತಿ ಬಕೆಟ್ಟಿನಲ್ಲಿಟ್ಟು, ಗಾಳವನ್ನು ಹೆಗಲ ಮೇಲೆ ಹೊತ್ತು, ಹೆರಾನ್ ಪಾಯಿಂಟಿನ ಗೇಟಿನ ಮುಂದೆ ನಿಂತಳು. ಜೊತೆಗೆ ಮೊಝೆಲ್, ಅವಳ ಹಿಂದೆ ಕೇರಿಯ ಮುದುಕರು.

"ಯಾರನ್ನ ನೋಡ್ಬೇಕು?" ಕಾವಲುಗಾರ ಕೇಳಿದ.

"ಮಿಸ್ ಕೆಝಾಯಾ."

"ಅವ್ರು ಇಲ್ಲಿ ಇರ್ತಾರಾ?"

"ನಿಮ್ಮೋರೆಲ್ರಿಗಿಂತ ಮುಂಚಿನಿಂದ."

ಗೇಟು ತೆರೆಯಿತು. ದೋಣಿಮನೆಯ ಹಿಂದೆ ಸೀಡರ್ ಮರಗಳಿದ್ದವು, ಕೆಳಗೆ ಒಣಗಿದ ಎಲೆ ಹಾಸಿದ ನೆಲ, ಅದರಲ್ಲಿ ಸಾಲಾಗಿ ಕುಸಿದ ತಗ್ಗುಗಳು. ಗುರುತೆಲ್ಲ ಎತ್ತಿಹೋಗಿದ್ದರಿಂದ ಯಾವುದು ಯಾರದೆಂದು ಯಾರಿಗೂ ತಿಳಿಯಲಿಲ್ಲ. ಮಂಡಳಿಯ ಮೇಜಿನಿಂದ ತಂದಿದ್ದ ಸೀಸೆ, ಲೋಟಗಳನ್ನು ಮುದುಕರು ಅಂದಾಜಿನ ಮೇಲೆ ಇಟ್ಟರು, ಇಟ್ಟು ಮತ್ತೆ ಎತ್ತಿದರು, ಇನ್ನೊಂದು ಕಡೆ ಇಟ್ಟರು. ಅನ್ಯಾಯದ ಈ ಭಾಗಕ್ಕೆ ಯಾವ ಕಾನೂನೂ ಇಲ್ಲ. ಥಿಯೋಲಾ ನೀರಿಗೆ ತೀರ ಹತ್ತಿರವಿದ್ದ ತಗ್ಗನ್ನು ಆರಿಸಿಕೊಂಡಳು.

"ಇದೇ ಅಂತ ಹೆಂಗೆ ಗೊತ್ತು?" ಮೊಝೆಲ್ ಕೇಳಿದಳು.

"ಗೊತ್ತಿಲ್ಲ. ಬೇರೆಯವ್ರಾಗಿದ್ರೆ ಅವ್ರೂ ಯಾರಿಗೋ ಅಜ್ಜೀನೇ ತಾನೆ," ಎಂದು ಬೋಗುಣಿಯನ್ನು ಎಲೆಗಳ ನಡುವೆ ಒತ್ತಿ ಕೂರಿಸಿದಳು. ಆಮೇಲೆ ಬಕೆಟ್ಟು ಬೋರಲು ಹಾಕಿ, ಒಂದು ಹೆಜ್ಜೆ ಕೆಳಗಿದ್ದ ಒದ್ದೆ ದಡದ ಮೇಲೆ ಕೂತು, ಕೊಕ್ಕೆಗೆ ಜೀರುಂಡೆ ಚುಚ್ಚಿ, ಗಾಳ ಬಿಟ್ಟಳು. ಕೆರೆಯಲ್ಲೇ ಅತ್ಯುತ್ತಮ ಜಾಗ ಅದು. ಬಂಗಲೆಯವರು ಅಲ್ಲಿ ವರ್ಷಕ್ಕೊಂದು ದಿನವೂ ಕೂತವರಲ್ಲ.

ಫೋನು ಹೋಯಿತು, ಲಾಮಾರ್ ಬಂದ. ಅವನಿಗಿಂತ ಮೊದಲೇ ಪ್ರ್ಯಾಟ್ ಅರ್ಧ ಚಡ್ಡಿಯಲ್ಲೇ ಓಡಿಬಂದು ಮರಗಳ ಕೆಳಗೆ ನಿಂತಿದ್ದ.

"ಗೋರಿ ನೋಡೋಕೆ ಬಿಡಬೇಕು, ಒಪ್ಕೊಂಡೆ," ಪ್ರ್ಯಾಟ್ ಏದುಸಿರು ಬಿಟ್ಟ. "ಮೀನು ಹಿಡಿಯೋಕೆ ಅಂತ ಕಾನೂನಲ್ಲಿ ಎಲ್ಲೂ ಇಲ್ಲ. ಡೆಪ್ಯುಟಿ, ಹೇಳಿ ಅವಳಿಗೆ!"

ಲಾಮಾರ್ ಟೋಪಿ ತೆಗೆದು ನೆತ್ತಿ ಕೆರೆದುಕೊಂಡ. ಮುದುಕಿಯ ಕಾಲು ನೋಡಿದ, ಕಾಲ ಕೆಳಗಿನ ಒದ್ದೆ ಮಣ್ಣು ನೋಡಿದ. "ಗೋರಿವರೆಗೆ ದಾರಿ ಕಾನೂನು ಕೊಟ್ಟಿದೆ, ಸರ್. ಗೋರಿಯಿಂದಾಚೆಗೆ ಒಂದು ಹೆಜ್ಜೆ ಇಟ್ರೆ ಕಂಪನಿ ಜಾಗ. ನೀರು ಎಲ್ರದು. ಇದರ ನಡುವೆ ನಿಮ್ಮದು ಅಂತ ಏನಿದೆಯೋ ನಂಗೆ ಕಾಣಿಸ್ತಿಲ್ಲ."

"ಎಷ್ಟು ಹೊತ್ತು ಕೂರ್ತಾಳೆ ಇವಳು?"

"ಮಿಸ್ ಥಿಯೋಲಾ, ಎಷ್ಟು ಹೊತ್ತು ಕೂರ್ತೀರಿ?"

"ಅಜ್ಜೀನ ನೋಡಿ ಬಹಳ ವರ್ಷ ಆಯ್ತು ಕಣೋ ಮಗಾ. ಮಾತು ಬೇಕಾದಷ್ಟಿದೆ."

ಪ್ರ್ಯಾಟ್ ಮುಖ ಕೆಂಪು ಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ. ಥಿಯೋಲಾ ನೀರಿನ ಮೇಲಿನ ಬೆಂಡಿನಿಂದ ಕಣ್ಣು ಕೀಳಲಿಲ್ಲ, ತಲೆಯನ್ನೂ ತಿರುಗಿಸಲಿಲ್ಲ.

"ಮಿಸ್ಟರ್ ಪ್ರ್ಯಾಟ್, ನೀವು ಯಾರದೋ ಎದೆ ಮೇಲೆ ನಿಂತಿದೀರಿ."

ಪ್ರ್ಯಾಟ್ ಕೆಂಡ ತುಳಿದವನಂತೆ ಬಲಕ್ಕೆ ಹಾರಿದ.

"ಅಲ್ಲೂ ಒಬ್ರಿದಾರೆ," ಅಂದಳು ಮೊಝೆಲ್.

ಎಡಕ್ಕೆ ಹಾರಿದ.

"ಅಲ್ಲೂ," ಅಂದಳು ಥಿಯೋಲಾ.

ತಾನು ಕೊಂಡ ನೆಲದ ಮೇಲೆ ಕಾಲಿಡಲು ಜಾಗವಿಲ್ಲದೆ ಅವನು ಒಂಟಿಕಾಲಿನ ಕೊಕ್ಕರೆಯಂತೆ ನಿಂತ. ಅಷ್ಟರಲ್ಲಿ ಬೆಂಡು ಒಮ್ಮೆ ನಡುಗಿ ಒಳಗೆ ಮುಳುಗಿತು. ಥಿಯೋಲಾ ಎಳೆದಳು, ಅಂಗೈಯಗಲದ ಬ್ರಿಮ್, ಹೊಟ್ಟೆ ತಾಮ್ರದ ಬಣ್ಣ. ಕೊಕ್ಕೆ ಬಿಡಿಸಿ, ಅಭ್ಯಾಸದಂತೆ ನೀರಿನ ಕಡೆಗೆ ಕೈ ಚಾಚಿದವಳು ಅರ್ಧಕ್ಕೇ ನಿಲ್ಲಿಸಿದಳು. ಎದ್ದು, ಹಿಂದಕ್ಕೆ ತಿರುಗಿ, ಬೋಗುಣಿಯ ಬಳಿ ಬಗ್ಗಿ, ಒದ್ದಾಡುತ್ತಿದ್ದ ಮೀನನ್ನು ಕುರುಡು ಹುಂಜದ ಮೇಲೆ ಇಟ್ಟಳು.